ಅಪರಾಧ ಸಂತ್ರಸ್ತರ ಪರಿಹಾರ ಮತ್ತು ಕಾಲಮಿತಿ: ಘಾಟ್ಕೋಪರಿನ ಎರಡು ಪ್ರಸಂಗಗಳು

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ರಚಿಸಿದ ‘ಮಿತಾಕ್ಷರಾ’ವನ್ನು ನಾವು ಸಾಮಾನ್ಯವಾಗಿ ದಾಯಭಾಗದ ಗ್ರಂಥವೆಂದೇ ಸ್ಮರಿಸುತ್ತೇವೆ. ಆದರೆ ಅದರ ವ್ಯವಹಾರಾಧ್ಯಾಯದಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಎರಡು ವಿಚಾರಗಳಿವೆ. ತನ್ನ ಭೂಮಿಯನ್ನು ಪರರು ಅನುಭವಿಸುವುದನ್ನು ಕಂಡೂ ಇಪ್ಪತ್ತು ವರ್ಷ ಸುಮ್ಮನಿದ್ದವನಿಗೆ ಹಾನಿಯುಂಟೆಂಬುದು ಒಂದು. ಕಳವಾದ ದ್ರವ್ಯವನ್ನು ರಾಜನು ಪ್ರಜೆಗೆ ಹಿಂದಿರುಗಿಸಬೇಕು, ಕಳ್ಳನಿಂದ ಅದು ದೊರೆಯದಿದ್ದರೆ ತನ್ನ ಬೊಕ್ಕಸದಿಂದ ಕೊಡಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅವಧಿಯುಂಟು; ಎರಡನೆಯದರ ಮೂಲಶ್ಲೋಕದಲ್ಲಿ ಅವಧಿಯ ಮಾತಿಲ್ಲ. ಆಧುನಿಕ ಕಾನೂನಿನಲ್ಲಿ ಈ ಎರಡೂ ತತ್ತ್ವಗಳು ಒಂದಕ್ಕೊಂದು ಹೇಗೆ ಎದುರಾದವೆಂಬುದನ್ನು ಮುಂಬಯಿಯ ಘಾಟ್ಕೋಪರಿನ ಎರಡು ಪ್ರಸಂಗಗಳ ಮೂಲಕ ಪರಿಶೀಲಿಸಬಹುದು.

1855ರ ಮಾರಣಾಂತಿಕ ಅಪಘಾತಗಳ ಕಾಯಿದೆಯು ಅನ್ಯರ ತಪ್ಪು ಕೃತ್ಯದಿಂದ ಸತ್ತವನ ಕುಟುಂಬಕ್ಕೆ ನಷ್ಟ ಪರಿಹಾರದ ದಾವೆಯ ಹಕ್ಕನ್ನು ನೀಡಿತು. ಇಂಥ ದಾವೆಗೆ 1908ರ ಕಾಲಪರಿಮಿತಿ ಕಾಯಿದೆಯಲ್ಲಿ ಒಂದು ವರ್ಷದ ವಾಯಿದೆಯಿದ್ದಿತು. 1963ರ ಕಾಯಿದೆ ಅದನ್ನು ಎರಡು ವರ್ಷಕ್ಕೆ ಏರಿಸಿತು. ಎಣಿಕೆಯು ಸಾವಿನ ದಿನದಿಂದಲೇ ಆರಂಭವಾಗುತ್ತದೆ. ಇನ್ನು ಕ್ರಿಮಿನಲ್ ನ್ಯಾಯಾಲಯವೇ ಪರಿಹಾರ ಕೊಡಿಸುವ ಅವಕಾಶವು 1973ರ ದಂಡ ಪ್ರಕ್ರಿಯಾ ಸಂಹಿತೆಯ 357ನೆಯ ಪ್ರಕರಣದಲ್ಲಿದ್ದರೂ ಅದಕ್ಕೆ ಆರೋಪಿಯು ತಪ್ಪಿತಸ್ಥನೆಂದು ತೀರ್ಮಾನವಾಗಬೇಕಿತ್ತು.

1997ರ ಜುಲೈ 11ರಂದು ಘಾಟ್ಕೋಪರ್ ಪೂರ್ವದ ರಮಾಬಾಯಿ ಅಂಬೇಡ್ಕರ್ ನಗರದಲ್ಲಿ ಅಂಬೇಡ್ಕರ್ ಪ್ರತಿಮೆಗೆ ಅಪಮಾನವಾದುದನ್ನು ಪ್ರತಿಭಟಿಸಲು ಜನ ಸೇರಿದರು. ರಾಜ್ಯ ಮೀಸಲು ಪೊಲೀಸರು ಗುಂಡು ಹಾರಿಸಿ 10 ಮಂದಿ ಸತ್ತರು. ನ್ಯಾಯಮೂರ್ತಿ ಗುಂಡೇವಾರ ಆಯೋಗ ವಿಚಾರಣೆ ನಡೆಸಿತು. ಗುಂಡು ಹಾರಿಸಲು ಆಜ್ಞೆಯಿತ್ತ ಅಧಿಕಾರಿಗೆ ಸೆಷನ್ಸ್ ನ್ಯಾಯಾಲಯವು ಜೀವಾವಧಿ ಶಿಕ್ಷೆ ವಿಧಿಸಿದ್ದು 2009ರ ಮೇ ತಿಂಗಳಿನಲ್ಲಿ. ಸಿವಿಲ್ ದಾವೆಗೆ ಶಿಕ್ಷೆಯ ತೀರ್ಪಿಗಾಗಿ ಕಾಯಬೇಕೆಂಬ ನಿಯಮವೇನೂ ಇಲ್ಲ. ಆದರೆ ಕೃತ್ಯವು ಅಪರಾಧವೇ, ಕರ್ತವ್ಯವೇ ಎಂಬುದು ನಿರ್ಣಯವಾಗುವ ಸುಮಾರು ಹತ್ತು ವರ್ಷ ಮೊದಲೇ, 1999ರ ಜುಲೈನಲ್ಲಿ, ಎರಡು ವರ್ಷದ ವಾಯಿದೆ ತೀರಿತ್ತು. ಕೂಲಿ ಮಾಡಿ ಬದುಕುವ ಕುಟುಂಬವೊಂದು ಶವಸಂಸ್ಕಾರ ಮುಗಿಸಿ ಸರ್ಕಾರದ ಮೇಲೆ ದಾವೆ ಹೂಡಲೆಂದು ಕಾನೂನು ನಿರೀಕ್ಷಿಸಿದ ಅವಧಿ ಅಷ್ಟೇ.

ಎರಡನೆಯ ಪ್ರಸಂಗ 2002ರ ಡಿಸೆಂಬರ್ 2ರಂದು ಘಾಟ್ಕೋಪರಿನ ಬಸ್ಸಿನಲ್ಲಿ ನಡೆದ ಬಾಂಬ್ ಸ್ಫೋಟ. ವಿಚಾರಣೆ ಎದುರಿಸಿದವರು 2005ರಲ್ಲಿ ಖುಲಾಸೆಯಾದರು. ತಪ್ಪಿತಸ್ಥನೇ ಇಲ್ಲವಾದ ಮೇಲೆ 357ನೆಯ ಪ್ರಕರಣ ಇಲ್ಲಿ ನಿರುಪಯುಕ್ತ. ಭಯೋತ್ಪಾದನೆಗೆ ತುತ್ತಾದವರಿಗಾಗಿ ಕೇಂದ್ರ ಸರ್ಕಾರ ತಂದ ನೆರವಿನ ಯೋಜನೆಯೂ 2008ರ ಏಪ್ರಿಲ್ 1ರ ನಂತರದ ಘಟನೆಗಳಿಗೆ ಮಾತ್ರ ಅನ್ವಯಿಸಿತು. ದಿನಾಂಕವೂ ಒಂದು ಬಗೆಯ ಕಾಲಮಿತಿಯೇ ಎಂಬುದನ್ನು ಇಲ್ಲಿ ಗಮನಿಸಬೇಕು.

ಕರ್ನಾಟಕ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾಗಿದ್ದ ವಿ. ಎಸ್. ಮಳಿಮಠ ಅವರ ಸಮಿತಿ 2003ರ ವರದಿಯಲ್ಲಿ ಸಂತ್ರಸ್ತರ ಪರಿಹಾರ ನಿಧಿಯನ್ನು ಪ್ರತಿಪಾದಿಸಿತು. 2009ರ ಡಿಸೆಂಬರ್ 31ರಂದು 357ಎ ಪ್ರಕರಣ ಜಾರಿಗೆ ಬಂದಿತು. ಅಪರಾಧಿ ಪತ್ತೆಯಾಗದಿದ್ದರೂ, ಆರೋಪಿ ಖುಲಾಸೆಯಾದರೂ ರಾಜ್ಯವು ಪರಿಹಾರ ಕೊಡಬಹುದಾಯಿತು. ಬೊಕ್ಕಸದ ಹೊಣೆಯೆಂಬ ಹಳೆಯ ತತ್ತ್ವ ಹೀಗೆ ಮರಳಿತು. 2018ರಲ್ಲಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು ಸಂತ್ರಸ್ತ ಮಹಿಳೆಯರಿಗಾಗಿ ರೂಪಿಸಿದ ಯೋಜನೆಯಲ್ಲಿ ಘಟನೆಯಿಂದ ಅಥವಾ ವಿಚಾರಣೆಯ ಮುಕ್ತಾಯದಿಂದ ಮೂರು ವರ್ಷದ ಅವಧಿಯಿದೆ. ಯೋಗ್ಯ ಪ್ರಸಂಗಗಳಲ್ಲಿ ವಿಳಂಬವನ್ನು ಮನ್ನಿಸಲೂಬಹುದು. 357ಎ ಪ್ರಕರಣದ ಪ್ರಯೋಜನ 2009ಕ್ಕೂ ಹಿಂದಿನ ಅಪರಾಧಗಳ ಸಂತ್ರಸ್ತರಿಗೆ ಸಲ್ಲಬಹುದೆಂದು ಕೇರಳ ಉಚ್ಚ ನ್ಯಾಯಾಲಯ 2020ರಲ್ಲಿ ಹೇಳಿತು. 2024ರ ಜುಲೈ 1ರಿಂದ ಇದೇ ವ್ಯವಸ್ಥೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೆಯ ಪ್ರಕರಣವಾಗಿ ಮುಂದುವರಿದಿದೆ.

ಕಾಲಮಿತಿಗೆ ಸಮರ್ಥನೆಯಿಲ್ಲವೆಂದಲ್ಲ. ಸಾಕ್ಷ್ಯ ಮಾಸುತ್ತದೆ, ನೆನಪು ಸವೆಯುತ್ತದೆ, ವ್ಯಾಜ್ಯಕ್ಕೆ ಒಂದು ಕೊನೆ ಬೇಕು. ಆದರೆ ಇಪ್ಪತ್ತು ವರ್ಷ ಕಂಡೂ ಸುಮ್ಮನಿದ್ದವನ ಉಪೇಕ್ಷೆಗೆ ವಿಧಿಸಿದ ದಂಡವನ್ನು, ತನಿಖೆಯ ಮುಕ್ತಾಯಕ್ಕಾಗಿ ಕಾದವರ ಸಹನೆಗೂ ವಿಧಿಸುವುದು ನ್ಯಾಯವಾಗದು. ಅರ್ಜಿ ಬಂದ ಮೇಲೆ ಎರಡು ತಿಂಗಳೊಳಗೆ ವಿಚಾರಣೆ ಮುಗಿಸಬೇಕೆಂದು ಈ ಕಾನೂನು ಪ್ರಾಧಿಕಾರಕ್ಕೂ ಅವಧಿ ಗೊತ್ತುಪಡಿಸಿದೆ. ಸಂತ್ರಸ್ತರ ವಾಯಿದೆಯನ್ನು ಕಟ್ಟುನಿಟ್ಟಾಗಿ ಎಣಿಸುವ ಮುನ್ನ ರಾಜ್ಯವು ತನ್ನ ವಾಯಿದೆಯನ್ನು ಎಣಿಸಿಕೊಳ್ಳಬೇಕೆಂಬುದೇ ಘಾಟ್ಕೋಪರಿನ ಪ್ರಸಂಗಗಳಿಂದ ಹೊರಡುವ ನಿಷ್ಕರ್ಷೆ.