ಜೀರ್ಣವಸ್ತ್ರವಿಚಾರ

ಹಿರಿಯರು ಉಟ್ಟು ಮಡಿಸಿಟ್ಟುಹೋದ ಬಟ್ಟೆಗಳನ್ನು ಪೆಟ್ಟಿಗೆಯ ತಳದಿಂದ ಹೊರತೆಗೆದು ಜೋಪಾನಮಾಡುವುದೂ, ಶುಭಕಾರ್ಯಗಳಲ್ಲಿ ಅವುಗಳನ್ನೇ ಉಟ್ಟು ನಡೆದಾಡುವುದೂ ಈಚೆಗೆ ನಗರಗಳಲ್ಲಿ ಒಂದು ಅಭಿರುಚಿಯಾಗಿ ಬೆಳೆದಿರುವುದು. ಅಜ್ಜಿಯ ಧಾರೆಯ ಸೀರೆ, ಅಜ್ಜನ ಜರಿಯಂಚಿನ ಶಲ್ಯ, ಐವತ್ತು ಅರುವತ್ತು ವರ್ಷಗಳ ಹಿಂದಿನ ಕುಪ್ಪಸ ಇವುಗಳಿಗೆ ಅಂಗಡಿಯ ಹೊಸ ಬಟ್ಟೆಗಿಂತಲೂ ಹೆಚ್ಚಿನ ಆದರವು ದೊರೆಯುತ್ತಿದೆ. ಇಂಥ ಉಡುಪಿಗೆ ಇಂಗ್ಲಿಷಿನಲ್ಲಿ 'ವಿಂಟೇಜ್' ಎಂಬ ಹೆಸರು ರೂಢವಾಗಿದೆ. ಮೊದಲು ದ್ರಾಕ್ಷಿಯ ಸುಗ್ಗಿಗೂ ಆಯಾ ವರ್ಷದ ದ್ರಾಕ್ಷಾರಸಕ್ಕೂ ಸಲ್ಲುತ್ತಿದ್ದ ಆ ಶಬ್ದವು ಕಾಲಕ್ರಮದಲ್ಲಿ, ಹಳೆಯದಾದಷ್ಟೂ ಬೆಲೆಯೇರುವ ಪದಾರ್ಥಗಳೆಲ್ಲಕ್ಕೂ ಹರಡಿತು. ಈ ಅಭಿರುಚಿಯು ಕೇವಲ ಪರದೇಶದ ಅನುಕರಣವೆಂದು ಕೆಲವರೂ, ಇದು ಈ ದೇಶದ ಪುರಾತನ ಸಂಪ್ರದಾಯವೇ ಎಂದು ಕೆಲವರೂ ಹೇಳುವರು. ಈ ಎರಡು ಪಕ್ಷಗಳಲ್ಲಿ ಯಾವುದಕ್ಕೆ ಆಧಾರವಿದೆಯೆಂಬುದನ್ನು ಗ್ರಂಥಗಳಿಂದಲೂ ರೂಢಿಯಿಂದಲೂ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಧರ್ಮಶಾಸ್ತ್ರವನ್ನು ನೋಡಬಹುದು. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಸ್ನಾತಕನ ನಿಯಮಗಳನ್ನು ಹೇಳುವ ಸಂದರ್ಭದಲ್ಲಿ ಎರಡು ವಿಧಿಗಳು ಬರುವುವು. ಅನುಕೂಲವಿರುವಾಗ ಜೀರ್ಣವೂ ಮಲಿನವೂ ಆದ ವಸ್ತ್ರವನ್ನು ಧರಿಸಬಾರದೆಂಬುದು ಒಂದು (೪-೩೪). ಅನ್ಯರು ಧರಿಸಿದ ಪಾದರಕ್ಷೆ, ವಸ್ತ್ರ, ಉಪವೀತ, ಆಭರಣ, ಹೂಮಾಲೆ, ಕಮಂಡಲುಗಳನ್ನು ಧರಿಸಬಾರದೆಂಬುದು ಮತ್ತೊಂದು (೪-೬೬). ಮೇಲುನೋಟಕ್ಕೆ ಇಲ್ಲಿಗೆ ವಿಚಾರವು ಮುಗಿದಂತೆಯೇ ತೋರುವುದು. ಆದರೆ ಎರಡನೆಯ ವಿಧಿಯ ಜೀವವೆಲ್ಲ 'ಅನ್ಯರು' ಎಂಬ ಪದದಲ್ಲಿದೆ. ಅದೇ ಪಟ್ಟಿಯಲ್ಲಿ ಆಭರಣವೂ ಸೇರಿರುವುದನ್ನು ಗಮನಿಸಬೇಕು. ತಾಯಿಯ ಓಲೆಯನ್ನು ಮಗಳೂ, ಅತ್ತೆಯ ಕಂಠೀಸರವನ್ನು ಸೊಸೆಯೂ ಇಟ್ಟುಕೊಳ್ಳುವುದು ದೋಷವೆಂದು ಯಾವ ಮನೆಯಲ್ಲಿಯೂ ಎಣಿಸಿದವರಿಲ್ಲ. ಹಾಗಾದರೆ ತಾಯಿಯೂ ಅತ್ತೆಯೂ ಇಲ್ಲಿ 'ಅನ್ಯರು' ಆಗಲಿಲ್ಲವೆಂದೇ ಲೋಕವು ಗ್ರಹಿಸಿತೆಂದು ಹೇಳಬೇಕಾಗುತ್ತದೆ. ಆಭರಣಕ್ಕೆ ಸಲ್ಲುವ ಈ ನ್ಯಾಯವು ವಸ್ತ್ರಕ್ಕೂ ಸಲ್ಲತಕ್ಕುದೇ ಆಗಿದೆ. ಉಟ್ಟ ಬಟ್ಟೆಯು ಎಷ್ಟು ಹಳೆಯದು ಎಂಬುದಕ್ಕಿಂತಲೂ ಅದು ಯಾರಿಂದ, ಯಾವ ಸಂಬಂಧದಿಂದ ಬಂದಿತು ಎಂಬುದೇ ಮುಖ್ಯವಾದ ಪ್ರಶ್ನೆ.

ಈ ಪ್ರಶ್ನೆಗೆ ಕಠೋರವಾದ ಇನ್ನೊಂದು ಮುಖವುಂಟು. ಅದನ್ನು ಮರೆಮಾಡುವುದು ಇತಿಹಾಸಕ್ಕೆ ಸಲ್ಲದು. ಅದೇ ಸ್ಮೃತಿಯ ಹತ್ತನೆಯ ಅಧ್ಯಾಯದಲ್ಲಿ, ಸೇವೆಮಾಡುವ ಶೂದ್ರನಿಗೆ ಉಂಡುಳಿದ ಅನ್ನವನ್ನೂ ಜೀರ್ಣವಾದ ವಸ್ತ್ರಗಳನ್ನೂ ಕೊಡಬೇಕೆಂದೂ (೧೦-೧೨೫), ಚಂಡಾಲರಿಗೆ ಶವದ ಮೇಲಣ ಬಟ್ಟೆಗಳೇ ಉಡುಪೆಂದೂ (೧೦-೫೨) ಹೇಳಿದೆ. ಒಬ್ಬನಿಗೆ ನಿಷಿದ್ಧವಾದ ವಸ್ತುವೇ ಇನ್ನೊಬ್ಬನಿಗೆ ವಿಹಿತವಾಯಿತು. ಹಳೆಯ ಬಟ್ಟೆಯು ದಾಸ್ಯದ ಗುರುತಾಯಿತು. ೧೯೨೭ನೆಯ ಇಸವಿ ಡಿಸೆಂಬರ್ ತಿಂಗಳಲ್ಲಿ ಮಹಾಡದಲ್ಲಿ ನೆರೆದಿದ್ದ ಸ್ತ್ರೀಯರನ್ನು ಕುರಿತು ಡಾ. ಅಂಬೇಡ್ಕರ್ ಅವರು, ಅಸ್ಪೃಶ್ಯರೆಂದು ಗುರುತು ಹಿಡಿಯುವಂತೆ ಮಾಡುವ ಉಡಿಗೆಯ ರೀತಿಯನ್ನು ಬಿಟ್ಟುಬಿಡಬೇಕೆಂದು ಹೇಳಿದುದಕ್ಕೆ ಹಿನ್ನೆಲೆಯು ಇದೇ. ಅವರ ಪಾಲಿಗೆ ಹಳೆಯ ಉಡಿಗೆಯನ್ನು ಬಿಡುವುದೇ ಮರ್ಯಾದೆಯಾಗಿತ್ತು. ಆದಕಾರಣ ಇಂದು ಹಳೆಯ ಬಟ್ಟೆಯನ್ನು ಸೊಗಸೆಂದು ಹೊಗಳುವವರು, ಅದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವು ಎಲ್ಲರಿಗೂ ಇರಲಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು. ಪುರಾತನ ಸಂಪ್ರದಾಯವೆಂದು ಸುಲಭವಾಗಿ ಹೇಳಿಬಿಡುವ ಪಕ್ಷಕ್ಕೆ ಈ ವಚನಗಳೇ ಮೊದಲನೆಯ ಉತ್ತರ.

ಹೀಗೆ ಹೀನವೆಂದು ಕಳೆದ ಬಟ್ಟೆಯನ್ನೇ ಬೇಕೆಂದು ಎತ್ತಿಕೊಂಡವರು ಬೌದ್ಧ ಭಿಕ್ಷುಗಳು. ಧೂಳಿನಲ್ಲಿಯೂ ಸ್ಮಶಾನದಲ್ಲಿಯೂ ಬಿದ್ದ ಚಿಂದಿಗಳನ್ನು ಆರಿಸಿ, ಒಗೆದು, ಹೊಲಿದು ಉಡುವುದಕ್ಕೆ 'ಪಾಂಸುಕೂಲ'ವೆಂದು ಹೆಸರು. ಸಂಯುತ್ತನಿಕಾಯದಲ್ಲಿ ಮಹಾಕಾಶ್ಯಪನು ತನ್ನ ಮೃದುವಾದ ಸಂಘಾಟಿಯನ್ನು ಬುದ್ಧನಿಗೆ ಅರ್ಪಿಸಿ, ಬುದ್ಧನು ಉಟ್ಟು ಸವೆದಿದ್ದ ನಾರಿನ ಪಾಂಸುಕೂಲವನ್ನು ತಾನು ಪಡೆದ ಸಂಗತಿಯು ಬರುವುದು. ಆ ಹರಕು ಚೀವರವನ್ನು ಪಡೆದುದು ಕಾಶ್ಯಪನಿಗೆ ಜೀವಮಾನದ ಗೌರವವಾಯಿತು. ವಿನಯಪಿಟಕದ ಚುಲ್ಲವಗ್ಗದಲ್ಲಿ ಮತ್ತೊಂದು ಪ್ರಸಂಗವಿದೆ. ಉದಯನರಾಜನ ಅಂತಃಪುರದವರು ಆನಂದನಿಗೆ ೫೦೦ ವಸ್ತ್ರಗಳನ್ನು ಕೊಡಲು, ಇಷ್ಟನ್ನು ಏನು ಮಾಡುವಿರೆಂದು ರಾಜನು ಕೇಳುವನು. ಚೀವರ ಹರಿದ ಭಿಕ್ಷುಗಳಿಗೆ ಇವನ್ನು ಹಂಚುವೆವು. ಹಳೆಯ ಚೀವರವು ಹೊದಿಕೆಯಾಗುವುದು, ಹಳೆಯ ಹೊದಿಕೆಯು ಹಾಸಿಗೆಯ ಗವಸಾಗುವುದು, ಆ ಗವಸು ನೆಲದ ಹಾಸಾಗುವುದು, ಅದು ಕಾಲೊರಸಾಗುವುದು, ಅದು ಧೂಳು ಒರಸುವ ಬಟ್ಟೆಯಾಗುವುದು, ಕಡೆಗೆ ಅದನ್ನು ಕೊಚ್ಚಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಮೆತ್ತುವೆವು ಎಂಬುದು ಆನಂದನ ಉತ್ತರದ ಸಾರ. ಹಳೆಯ ಸೀರೆಗಳ ತುಂಡುಗಳನ್ನು ಕೂಡಿಸಿ ಉತ್ತರ ಕರ್ನಾಟಕದ ಹೆಂಗಸರು ಹೊಲಿಯುವ ಕೌದಿಯನ್ನು ಕಂಡವರಿಗೆ ಈ ಉತ್ತರವು ಅಪರಿಚಿತವೆನಿಸಲಾರದು.

ಇನ್ನು ಅರಮನೆಯ ರೂಢಿಯನ್ನು ನೋಡಬೇಕು. ಕನ್ನಡದಲ್ಲಿ ಈಗ ಎಲ್ಲ ಬಗೆಯ ಕೊಡುಗೆಗೂ ಸಲ್ಲುವ 'ಉಡುಗೊರೆ' ಎಂಬ ಶಬ್ದದಲ್ಲಿ 'ಉಡು' ಧಾತುವು ಅಡಗಿದೆ. ಮದುವೆ ಮೊದಲಾದ ಸಂದರ್ಭಗಳಲ್ಲಿ ಕೊಡುವ ಬಟ್ಟೆಯೇ ಅದರ ಮೂಲಾರ್ಥ. ಮುಸಲ್ಮಾನ ಅರಸರ ಆಸ್ಥಾನಗಳಿಂದ ಬಂದ 'ಖಿಲ್ಲತ್ತು' ಎಂಬ ಶಬ್ದವು ಮೈಯಿಂದ ಕಳಚುವುದೆಂಬ ಅರ್ಥದ ಅರಬ್ಬೀ ಧಾತುವಿನಿಂದ ಹುಟ್ಟಿದುದು. ಪ್ರಭುವು ತಾನು ತೊಟ್ಟಿದ್ದ ನಿಲುವಂಗಿಯನ್ನೇ ಕಳಚಿ ಆಶ್ರಿತನಿಗೆ ತೊಡಿಸುವುದು ಈ ಮರ್ಯಾದೆಯ ಆದಿರೂಪ. ಆಮೇಲೆ ಹೊಸ ಬಟ್ಟೆಗಳನ್ನೇ ಕೊಡುವ ವಾಡಿಕೆ ಬೆಳೆದರೂ, ಮೊಗಲರ ಆಸ್ಥಾನದಲ್ಲಿ ಚಕ್ರವರ್ತಿಯ ಮೈಸೋಂಕಿದ ಉಡುಪಿಗೆ ಮಿಕ್ಕವಕ್ಕಿಂತ ಹೆಚ್ಚಿನ ಗೌರವವಿದ್ದಿತು. ದೇವಾಲಯಗಳಲ್ಲಿ ಮೂರ್ತಿಗೆ ಉಡಿಸಿದ ವಸ್ತ್ರವನ್ನು ಶೇಷವಸ್ತ್ರವೆಂದು ಮಾನ್ಯರ ತಲೆಗೆ ಸುತ್ತುವುದೂ ಈ ಭಾವನೆಗೆ ಸಮಾನವಾದುದೇ. ಇಲ್ಲೆಲ್ಲ ಉಟ್ಟ ಬಟ್ಟೆಯು ಉಟ್ಟವರ ಮಹಿಮೆಯನ್ನು ಹೊತ್ತು ಬರುವುದೆಂಬ ನಂಬಿಕೆಯು ಸ್ಪಷ್ಟವಾಗಿದೆ.

ಗೃಹಸ್ಥರ ಮನೆಗಳಲ್ಲಿ ಈ ನಂಬಿಕೆಗೆ ಮಡಿಯ ನಿಯಮವೂ ಸಹಾಯವಾಯಿತು. ಹತ್ತಿಯ ಬಟ್ಟೆಯನ್ನು ದಿನದಿನವೂ ಒಗೆಯಬೇಕು. ರೇಷ್ಮೆ ಉಣ್ಣೆಗಳಿಗೆ ಅಷ್ಟು ಬಿಗಿಯಿಲ್ಲ. ಮನುವು ಐದನೆಯ ಅಧ್ಯಾಯದಲ್ಲಿ (೫-೧೨೦) ರೇಷ್ಮೆ ಉಣ್ಣೆಗಳಿಗೆ ಚೌಳುಮಣ್ಣು, ಕಂಬಳಿಗೆ ಅಂಟುವಾಳ, ನವುರಾದ ನಾರುಬಟ್ಟೆಗೆ ಬಿಲ್ವದ ಕಾಯಿ, ಕ್ಷೌಮಕ್ಕೆ ಬಿಳಿಸಾಸುವೆ ಎಂದು ಬೇರೆ ಬೇರೆ ಶುದ್ಧಿದ್ರವ್ಯಗಳನ್ನು ವಿಧಿಸಿರುವನು. ಇದನ್ನು ಆಚಾರವೆಂದು ಮಾತ್ರ ಓದುವುದು ವಾಡಿಕೆ. ಆಯಾ ನೂಲಿನ ಸ್ವಭಾವವನ್ನರಿತು ಬಟ್ಟೆಯನ್ನು ಬಾಳಿಸುವ ವಿದ್ಯೆಯೂ ಇದರಲ್ಲಿ ಅಡಗಿದೆ. ಹೀಗೆ ಒಗೆತದಿಂದ ಉಳಿದುಕೊಂಡ ಪಟ್ಟೆಯೂ ಮಗುಟವೂ ತಂದೆಯಿಂದ ಮಗನಿಗೆ, ಅತ್ತೆಯಿಂದ ಸೊಸೆಗೆ ಬಂದು, ಎರಡು ಮೂರು ತಲೆಮಾರುಗಳವರೆಗೆ ಪೂಜೆಗೂ ಶ್ರಾದ್ಧಕ್ಕೂ ಒದಗುತ್ತಿದ್ದುವು. ಹುಟ್ಟಿದ ಕೂಸನ್ನು ಹಿರಿಯರ ಹಳೆಯ ಮೆತ್ತನೆಯ ಬಟ್ಟೆಯಲ್ಲಿ ಸುತ್ತುವ ಪದ್ಧತಿಯೂ ಕನ್ನಡದ ಮನೆಗಳಲ್ಲಿ ಪ್ರಸಿದ್ಧವಾಗಿದೆ. ಮನೆಯಲ್ಲಿ ಎಲ್ಲರಿಗಿಂತ ಎಳೆಯದಾದ ಜೀವಕ್ಕೆ ಎಲ್ಲಕ್ಕಿಂತ ಹಳೆಯದಾದ ಬಟ್ಟೆಯನ್ನು ಆರಿಸುವಲ್ಲಿ ಅವಜ್ಞೆಯ ಲೇಶವೂ ಇಲ್ಲ.

ಇದುವರೆಗೆ ಹೇಳಿದುದು ಧಾರಣದ ಮಾತು. ಸಂಗ್ರಹದ ಚರಿತ್ರೆಯು ಇದಕ್ಕಿಂತ ಭಿನ್ನವಾದುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (೧೧೨೬–೧೧೩೮) ರಚಿಸಿದ 'ಮಾನಸೋಲ್ಲಾಸ'ದಲ್ಲಿ ವಸ್ತ್ರೋಪಭೋಗವೆಂಬ ಪ್ರಕರಣವೊಂದಿದೆ. ಮಹಾಚೀನ, ಸಿಂಹಳ, ಕಳಿಂಗ, ವಂಗ, ನಾಗಪಟ್ಟಣ, ಮೂಲಸ್ಥಾನ ಮೊದಲಾದ ಕಡೆಗಳಿಂದ ಬಂದ ವಸ್ತ್ರಗಳನ್ನು ಹೆಸರಿಸಿ, ಯಾವ ಋತುವಿನಲ್ಲಿ ಅರಸನು ಎಂಥದನ್ನು ಉಡಬೇಕೆಂಬುದನ್ನೂ ಅಲ್ಲಿ ನಿರೂಪಿಸಿದೆ. ನಾಲ್ಕು ಶತಮಾನಗಳ ತರುವಾಯ, ಅಚ್ಯುತರಾಯನ ಕಾಲದಲ್ಲಿ (೧೫೨೯–೧೫೪೨) ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆವರ್ತಕ ನೂನಿಜನು ಇನ್ನೊಂದು ವಿಚಿತ್ರವಾದ ಸಂಗತಿಯನ್ನು ಬರೆದಿಟ್ಟಿರುವನು. ಅರಸನ ಉಡುಪು ಚಿನ್ನದ ಕೆಲಸವುಳ್ಳ ರೇಷ್ಮೆಯದು. ಒಮ್ಮೆ ಉಟ್ಟುದನ್ನು ಅರಸನು ಮತ್ತೊಮ್ಮೆ ಉಡುವುದಿಲ್ಲ. ಕಳಚಿದೊಡನೆ ಅದಕ್ಕೆಂದೇ ನೇಮಕವಾದ ಅಧಿಕಾರಿಗಳು ಅದನ್ನು ವಶಪಡಿಸಿಕೊಂಡು ಲೆಕ್ಕವಿಡುವರು. ಅದನ್ನು ಯಾರಿಗೂ ಕೊಡುವುದಿಲ್ಲ. ಇದು ದೊಡ್ಡ ವೈಭವವೆಂದು ಎಣಿಕೆಯಾಗಿದ್ದಿತು. ಸ್ಯೂಯೆಲನು ೧೯೦೦ರಲ್ಲಿ ಈ ಬರಹದ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದ ಮೇಲೆ ಇದು ವಿದ್ವಾಂಸರಿಗೆ ಸುಪರಿಚಿತವಾಗಿದೆ.

ಮರಳಿ ಉಡದೆ, ಯಾರಿಗೂ ಕೊಡದೆ, ಲೆಕ್ಕಹಾಕಿ ತುಂಬಿಟ್ಟ ಆ ಉಗ್ರಾಣದ ವೈಭವವು ೧೫೬೫ರ ಯುದ್ಧದ ತರುವಾಯ ರಾಜಧಾನಿಯೊಡನೆಯೇ ಹಾಳಾಯಿತು. ಆ ಕಾಲದ ಉಡುಪನ್ನು ತಿಳಿಯಬೇಕಾದರೆ ಇಂದು ಲೇಪಾಕ್ಷಿಯ ವೀರಭದ್ರ ದೇವಾಲಯದ ಛತ್ತಿನ ವರ್ಣಚಿತ್ರಗಳನ್ನು ನೋಡಬೇಕು. ಅಲ್ಲಿ ಗಂಡಸರ ನೀಳವಾದ ಕುಲ್ಲಾಯಿಗಳೂ ಹೆಂಗಸರ ಚಿತ್ರವಿಚಿತ್ರವಾದ ಅಂಚು ಸೆರಗುಗಳೂ ಕಾಣುವುವು. ಪಾರಸಿಯ 'ಕುಲಾಹ್' ಶಬ್ದದಿಂದ ಬಂದ ಆ ಕುಲ್ಲಾಯಿಯು ಕನ್ನಡದಲ್ಲಿ 'ಕುಲಾವಿ'ಯೆಂದಾಗಿ, ಎಳೆಯ ಮಕ್ಕಳ ತಲೆಯುಡುಪಿನ ಹೆಸರಾಗಿ ಉಳಿದಿದೆ. ಅರಸನ ಭಂಡಾರದಲ್ಲಿದ್ದುದು ನಾಶವಾಯಿತು. ಜನರ ಬಳಕೆಗೆ ಬಂದುದು ಹೆಸರಿನ ರೂಪದಲ್ಲಾದರೂ ತೊಟ್ಟಿಲವರೆಗೆ ನಡೆದು ಬಂದಿತು.

ವಸ್ತ್ರವನ್ನು ವಿದ್ಯೆಯ ಸಲುವಾಗಿ ಕೂಡಿಹಾಕುವ ಕೆಲಸವು ೧೯ನೆಯ ಶತಮಾನದಲ್ಲಿ ಹೊಸ ರೂಪವನ್ನು ತಾಳಿತು. ೧೮೬೬ರಲ್ಲಿ ಫೋರ್ಬ್ಸ್ ವಾಟ್ಸನ್ ಎಂಬಾತನು ಭಾರತದ ಬಟ್ಟೆಗಳ ೭೦೦ ಮಾದರಿಗಳನ್ನು ಕತ್ತರಿಸಿ ೧೮ ಸಂಪುಟಗಳಲ್ಲಿ ಅಂಟಿಸಿ, ಇಂಥ ೨೦ ಪ್ರತಿಗಳನ್ನು ಸಿದ್ಧಪಡಿಸಿದನು. ಅವುಗಳಲ್ಲಿ ೧೩ ಬ್ರಿಟನ್ನಿಗೂ ೭ ಭಾರತಕ್ಕೂ ಸಂದುವು. ಇಲ್ಲಿಯ ಜನರು ಎಂಥ ಬಟ್ಟೆಯನ್ನು ಮೆಚ್ಚುವರೆಂಬುದನ್ನು ಅಲ್ಲಿಯ ಗಿರಣಿಗಳವರಿಗೆ ತಿಳಿಸುವುದೇ ಅದರ ಮುಖ್ಯೋದ್ದೇಶವಾಗಿದ್ದಿತು. ಆದರೂ ಮಗ್ಗದ ಎಷ್ಟೋ ನೆಯ್ಗೆಗಳಿಗೆ ಇಂದು ಆ ತುಂಡುಗಳೇ ಸಾಕ್ಷಿಯಾಗಿ ನಿಂತಿರುವುದು ವಿಧಿಯ ವಿಲಾಸ. ೧೯೪೯ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿತವಾದ ಕ್ಯಾಲಿಕೋ ವಸ್ತ್ರಸಂಗ್ರಹಾಲಯವು ಈ ದೇಶದವರೇ ಈ ದೇಶದ ಬಟ್ಟೆಗಾಗಿ ಮಾಡಿದ ಮಹತ್ತರವಾದ ಸಂಗ್ರಹ. ಜಯಪುರದ ಅರಮನೆಯ ಸಂಗ್ರಹಾಲಯದಲ್ಲಿ ೧೮ನೆಯ ಶತಮಾನದ ಸವಾಯಿ ಮಾಧೋಸಿಂಗನ ಅಂಗಿಯಿದೆ. ಅದರ ಅಗಾಧವಾದ ಅಗಲವನ್ನು ಕಂಡವರಿಗೆ ಆ ಅರಸನ ದೇಹಪ್ರಮಾಣವು ಯಾವ ಪ್ರಶಸ್ತಿಯೂ ಹೇಳದಷ್ಟು ಸ್ಪಷ್ಟವಾಗುವುದು. ಶಾಸನವು ಅರಸನ ಕೀರ್ತಿಯನ್ನು ಹೇಳಿದರೆ, ಅಂಗಿಯು ಅವನ ಮೈಯನ್ನು ಹೇಳುವುದು.

ಆದರೆ ಸಾಮಾನ್ಯರ ಬಟ್ಟೆಗೆ ಸಂಗ್ರಹಾಲಯದಲ್ಲಿ ದೊರೆಯುವ ಸ್ಥಳವು ಅತ್ಯಲ್ಪ. ಅದರ ಭಂಡಾರವು ಮನೆಯ ಪೆಟ್ಟಿಗೆಯೇ. ಅಲ್ಲಿ ಅದಕ್ಕೆ ಎರಡು ಬಗೆಯ ಅಪಾಯಗಳುಂಟು. ಮೊದಲನೆಯದು, ಹಳೆಯ ಜರಿಯಲ್ಲಿ ಬೆಳ್ಳಿಯಿರುವುದೇ. ರೇಷ್ಮೆಯ ಎಳೆಗೆ ಬೆಳ್ಳಿಯ ತಂತಿಯನ್ನು ಸುತ್ತಿ ಚಿನ್ನದ ನೀರು ಕೊಟ್ಟ ಆ ಜರಿಗಾಗಿ ಹಳೆಯ ಸೀರೆಗಳನ್ನು ತೂಕಕ್ಕೆ ಕೊಂಡು, ಸುಟ್ಟು, ಬೆಳ್ಳಿಯನ್ನು ತೆಗೆಯುವುದು ಬಹುಕಾಲದಿಂದ ನಡೆದುಬಂದ ವ್ಯಾಪಾರ. ಹೀಗೆ ಸುಟ್ಟಾಗ ದೊರೆಯುವುದು ಕೆಲವು ತೊಲ ಲೋಹ. ಹೋಗುವುದು ಅಂಚಿನ ಮಾದರಿ, ಬಣ್ಣದ ಹದ, ನೇಕಾರನ ಕೈ. ಎರಡನೆಯ ಅಪಾಯವು ಮಿತಿಮೀರಿದ ಭಕ್ತಿ. ಉಡದೆ, ಬಿಚ್ಚದೆ, ಅದೇ ಮಡಿಕೆಯಲ್ಲಿ ಇಟ್ಟ ರೇಷ್ಮೆಯು ಆ ಮಡಿಕೆಯ ಗೆರೆಯಲ್ಲಿಯೇ ಸೀಳುವುದು. ಬೇವಿನೆಲೆಯನ್ನೋ ಲಾವಂಚದ ಬೇರನ್ನೋ ಇಟ್ಟು, ಆಗಾಗ ನೆರಳಿನಲ್ಲಿ ಗಾಳಿಗೆ ಹರಡಿ, ಮಡಿಕೆಯನ್ನು ಬದಲಿಸುತ್ತಿದ್ದ ಹಿರಿಯ ಹೆಂಗಸರ ಅಭ್ಯಾಸವು ಈ ಕಾರಣದಿಂದ ಶ್ಲಾಘ್ಯವಾದುದು. ವರ್ಷಕ್ಕೊಮ್ಮೆ ಉಡುವುದೆಂದರೆ ವರ್ಷಕ್ಕೊಮ್ಮೆಯಾದರೂ ಬಿಚ್ಚಿ ನೋಡುವುದು. ಸವೆದು ಶಿಥಿಲವಾದುದನ್ನು ಮಾತ್ರ ಉಡದೆ, ಕಾಪಾಡುವುದೇ ಯುಕ್ತ.

ಇಳಕಲ್ಲಿನ ಸೀರೆಯು ಇದಕ್ಕೆ ಉತ್ತಮ ನಿದರ್ಶನ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆಯನ್ನು ಕೊಂಡಿ ಹಾಕಿ ಕೂಡಿಸುವುದು ಅಲ್ಲಿಯ ವಿಶೇಷ. ಆ ಸಂಧಿಯನ್ನು ಯಾವ ಗ್ರಂಥದ ವರ್ಣನೆಯಿಂದಲೂ ಪೂರ್ಣವಾಗಿ ಅರಿಯಲಾಗುವುದಿಲ್ಲ. ಹಳೆಯ ಸೀರೆಯ ಸೆರಗನ್ನು ಬೆರಳಲ್ಲಿ ಹಿಡಿದು ನೋಡಿದರೆ ಕ್ಷಣದಲ್ಲಿ ತಿಳಿಯುವುದು. 'ಮಾನಸೋಲ್ಲಾಸ'ದ ವಸ್ತ್ರನಾಮಗಳಲ್ಲಿ ಎಷ್ಟೋ ಇಂದು ಬರಿಯ ಹೆಸರುಗಳಾಗಿವೆ. ಶಬ್ದವು ಉಳಿದು ವಸ್ತುವು ಅಳಿದರೆ ಕೋಶಕಾರನು ಬರೆಯಬಹುದಾದುದು 'ಒಂದು ಬಗೆಯ ಬಟ್ಟೆ' ಎಂದಷ್ಟೇ.

ಮೇಲಣ ವಿಚಾರದಿಂದ, ಆರಂಭದಲ್ಲಿ ಹೇಳಿದ ಎರಡು ಪಕ್ಷಗಳೂ ಅಪೂರ್ಣವೆಂದು ಸಿದ್ಧವಾಗುವುದು. ಹಿರಿಯರ ವಸ್ತ್ರವನ್ನು ಆದರದಿಂದ ಉಡುವುದು ಪರದೇಶದಿಂದ ಬಂದುದಲ್ಲ. ಆದರೆ ಆ ಆದರವು ಎಲ್ಲ ಹಳೆಯ ಬಟ್ಟೆಗೂ, ಎಲ್ಲ ಜನರಿಗೂ ಒಂದೇ ಸಮನಾಗಿ ಸಲ್ಲುತ್ತಿರಲಿಲ್ಲ. ಉಟ್ಟವರು ಯಾರು, ಕೊಟ್ಟವರು ಯಾರು ಎಂಬುದು ತಿಳಿದಿದ್ದಾಗ ಅದು ಪ್ರಸಾದವೂ ಉಡುಗೊರೆಯೂ ಆಯಿತು. ಅದು ತಿಳಿಯದಿದ್ದಾಗ, ಇಲ್ಲವೆ ಬಲಾತ್ಕಾರದಿಂದ ಬಂದಾಗ, ಜೀರ್ಣವಸ್ತ್ರ ಮಾತ್ರವಾಯಿತು. ಆದುದರಿಂದ ಇಂಥ ಬಟ್ಟೆಗಳನ್ನು ಕೂಡಿಸುವವರು ಒಂದು ಕೆಲಸವನ್ನು ತಪ್ಪದೆ ಮಾಡತಕ್ಕುದು. ಇದು ಯಾರದು, ಯಾವ ಊರಿನ ಮಗ್ಗದ್ದು, ಯಾವ ವರ್ಷ ಯಾವ ಸಂದರ್ಭಕ್ಕೆ ಕೊಂಡುದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಬಟ್ಟೆಯ ಜೊತೆಗೆ ಇಡಬೇಕು. ಮನೆಯ ವೃದ್ಧರು ಇರುವಾಗಲೇ ಇದನ್ನು ಕೇಳಿ ಬರೆದುಕೊಳ್ಳಬೇಕು. ಅವರು ಹೋದ ಮೇಲೆ ಸೀರೆಯು ಉಳಿದರೂ ಅದರ ಚರಿತ್ರೆಯು ಉಳಿಯುವುದಿಲ್ಲ.