ಕೈಗುಣ ಮತ್ತು ಸೊನ್ನೆಯ ಲೆಕ್ಕ: ಬೆಳಗಾವಿ ಸೀಮೆಯ ಒಂದು ವಿವೇಚನೆ

ಉತ್ತರ ಕರ್ನಾಟಕದ ಜನಪದ ವೈದ್ಯಪರಂಪರೆಯಲ್ಲಿ ‘ಕೈಗುಣ’ವೆಂಬುದು ತೂಕದ ಮಾತು. ಬೆಳಗಾವಿಯ ಖಾಸಬಾಗ, ವಡಗಾಂವಗಳ ನೇಕಾರ ಕೇರಿಗಳಲ್ಲಾಗಲಿ, ಖಾನಾಪುರದ ಕಾಡಂಚಿನ ಹಳ್ಳಿಗಳಲ್ಲಾಗಲಿ, ಹೆರಿಗೆಯು ಬಹುಕಾಲ ಮನೆಯೊಳಗೆ ಸೂಲಗಿತ್ತಿಯ ಸುಪರ್ದಿನಲ್ಲಿಯೇ ನಡೆಯುತ್ತಿತ್ತು. ಆಕೆಯ ಕೈಯಲ್ಲಿ ಒಬ್ಬ ಬಾಣಂತಿಯೂ ತೀರಿಲ್ಲವೆಂಬ ಖ್ಯಾತಿಯೇ ಆಕೆಯ ಅರ್ಹತಾಪತ್ರವಾಗಿತ್ತು. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸಲ್ಲದು; ಇದು ಅನುಭವದ ಮೇಲೆ ಕಟ್ಟಿದ ತರ್ಕ. ಆ ತರ್ಕದ ಬಲವೆಷ್ಟೆಂಬುದು ಇಲ್ಲಿಯ ಪ್ರಶ್ನೆ.

ವೈದ್ಯಶಾಸ್ತ್ರವೂ ಇದೇ ಪ್ರಶ್ನೆಯನ್ನು ಎದುರಿಸಿದೆ. 1983ರಲ್ಲಿ ಹ್ಯಾನ್ಲೆ ಮತ್ತು ಲಿಪ್‌ಮನ್-ಹ್ಯಾಂಡ್ ಎಂಬ ಸಂಶೋಧಕರು ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಚರ್ಚಿಸಿದ ‘ಮೂರರ ಸೂತ್ರ’ ಸರಳವಾದುದು. ಗಮನಿಸಿದ ಯಾರಲ್ಲಿಯೂ ಅಪಾಯ ಕಾಣದಿದ್ದರೆ, ಮೂರನ್ನು ಅವರ ಸಂಖ್ಯೆಯಿಂದ ಭಾಗಿಸಬೇಕು. ಶೇಕಡಾ 95ರ ವಿಶ್ವಾಸದಲ್ಲಿ ಅಪಾಯದ ಮೇಲ್ಮಿತಿ ಅದೇ. ಸೂಲಗಿತ್ತಿಯೊಬ್ಬಳು 300 ಹೆರಿಗೆ ಮಾಡಿಸಿ ಒಬ್ಬರನ್ನೂ ಕಳೆದುಕೊಂಡಿಲ್ಲವೆಂದರೆ, ಅಪಾಯವು ನೂರಕ್ಕೆ ಒಂದರಷ್ಟಿರುವ ಸಾಧ್ಯತೆಯನ್ನು ಆ ಸೊನ್ನೆ ಅಲ್ಲಗಳೆಯಲಾರದು. ಕರ್ನಾಟಕದಲ್ಲಿ 2018–20ರ ತಾಯಂದಿರ ಮರಣ ಪ್ರಮಾಣ ಲಕ್ಷ ಜೀವಂತ ಜನನಗಳಿಗೆ 69. ತನ್ನ ಕೈ ಅಷ್ಟು ಸುರಕ್ಷಿತವೆಂದು ಸೊನ್ನೆಯಿಂದಲೇ ಸಾಧಿಸಲು ಆಕೆಗೆ ಸುಮಾರು 4,350 ಹೆರಿಗೆಗಳು ಬೇಕಾಗುತ್ತಿದ್ದವು. ಮೇಲಾಗಿ, ಸಾವನ್ನು ಹಣೆಬರಹಕ್ಕೋ ಗಾಳಿಸೋಂಕಿಗೋ ಹೊರಿಸುವ ರೂಢಿಯಿದ್ದಲ್ಲಿ ಆ ಸೊನ್ನೆಯೂ ಶುದ್ಧವಾಗಿ ಉಳಿಯದು.

ಇದೇ ಜಿಲ್ಲೆಯಲ್ಲಿ ಲೆಕ್ಕವಿಟ್ಟು ನಡೆದ ಕಾರ್ಯವೊಂದಿದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ವೈದ್ಯರು ಅಮೆರಿಕದ ಸಂಶೋಧಕರೊಡಗೂಡಿ, 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ, ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಹಳ್ಳಿಗಳಲ್ಲಿ ಪರೀಕ್ಷಿಸಿದರು. ಹೆರಿಗೆ ಮಾಡಿಸಿದವರು ಕಿರಿಯ ಆರೋಗ್ಯ ಸಹಾಯಕಿಯರು. ಒಟ್ಟು 1,620 ಮಹಿಳೆಯರಲ್ಲಿ 812 ಮಂದಿಗೆ ಮಾತ್ರೆ, 808 ಮಂದಿಗೆ ಔಷಧಾಂಶವಿಲ್ಲದ ಹುಸಿಮಾತ್ರೆ. ರಕ್ತಸ್ರಾವ ಶೇಕಡಾ 12ರಿಂದ 6.4ಕ್ಕೆ ಇಳಿಯಿತು, ತೀವ್ರ ರಕ್ತಸ್ರಾವ 1.2ರಿಂದ 0.2ಕ್ಕೆ. ಮಾತ್ರೆ ಪಡೆದವರಲ್ಲಿ ಚಳಿ, ಜ್ವರ ಹೆಚ್ಚಾಗಿ ಕಂಡು ಬೇಗನೆ ಇಳಿದವು. 2006ರಲ್ಲಿ ಈ ಫಲಿತಾಂಶ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಪ್ರಯೋಜನವನ್ನು ತೋರಿಸಲು ಈ ಸಂಖ್ಯೆ ಸಾಕಾಯಿತು. ಆದರೆ ಯಾವುದಾದರೊಂದು ವಿರಳ ಅಪಾಯ ಈ 812 ಮಂದಿಯಲ್ಲಿ ಒಮ್ಮೆಯೂ ಕಾಣದಿದ್ದರೂ, ಅದು ಸುಮಾರು 270ಕ್ಕೆ ಒಂದರಷ್ಟಿರಬಹುದೆಂಬ ಶಂಕೆಗೆ ಎಡೆಯಿದ್ದೇ ಇರುತ್ತದೆ. ಹೊಸ ಮಾತ್ರೆಯೆಂದರೆ ಹಿಂಜರಿಯುವ ಅತ್ತೆಯಂದಿರ ಅನುಮಾನವನ್ನು ಅಜ್ಞಾನವೆಂದಷ್ಟೇ ಬಗೆಯುವವರು ಇದನ್ನು ಗಮನಿಸುವುದು ಒಳಿತು.

ಜನಪದ ವೈದ್ಯದ ಸಂಗ್ರಹಗಳಲ್ಲಿ ಮದ್ದಿನ ಹೆಸರು, ಪಥ್ಯ, ಕೈಗುಣದ ಕಥನಗಳು ಬಹುಮಟ್ಟಿಗೆ ದೊರೆಯುತ್ತವೆ. ಎಷ್ಟು ಮಂದಿಗೆ ಕೊಟ್ಟದ್ದು, ಎಷ್ಟು ಹೆರಿಗೆ ಮಾಡಿಸಿದ್ದು ಎಂಬ ಪ್ರಶ್ನೆಯನ್ನು ಕ್ಷೇತ್ರಕಾರ್ಯದಲ್ಲಿ ಕೇಳುವುದೇ ವಿರಳ. ವಕ್ತೃಗಳಾದ ಹಿರಿಯ ಸೂಲಗಿತ್ತಿಯರು ಇನ್ನೂ ಇರುವಾಗಲೇ ಆ ಎಣಿಕೆಯನ್ನೂ ದಾಖಲಿಸಿಕೊಳ್ಳಬೇಕಾಗಿದೆ.