ಕಡಿಮೆ ಶಕ್ತಿಯ ಲೇಸರ್ ಚಿಕಿತ್ಸೆ: ಸಾರ್ವಜನಿಕರಿಗೆ ಮಾಹಿತಿ

ಕೀಲುನೋವು, ಕತ್ತುನೋವು, ಮಾಯದ ಗಾಯ, ಕೂದಲು ಉದುರುವಿಕೆ ಮುಂತಾದ ತೊಂದರೆಗಳಿಗೆ ಲೇಸರ್ ಬೆಳಕಿನ ಚಿಕಿತ್ಸೆ ನೀಡಲಾಗುವುದೆಂಬ ಫಲಕಗಳು ಫಿಸಿಯೋಥೆರಪಿ ಹಾಗೂ ಚರ್ಮ ಚಿಕಿತ್ಸಾ ಕೇಂದ್ರಗಳಲ್ಲಿ ಕಂಡುಬರುತ್ತವೆ. ಈ ಚಿಕಿತ್ಸೆ ಎಂದರೇನು, ಯಾವ ಕಾಯಿಲೆಗೆ ಎಷ್ಟರಮಟ್ಟಿಗೆ ಪ್ರಯೋಜನಕಾರಿ, ಹಣ ಪಾವತಿಸುವ ಮೊದಲು ಏನನ್ನು ವಿಚಾರಿಸತಕ್ಕದ್ದು ಎಂಬ ವಿವರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ.

ಚಿಕಿತ್ಸೆಯ ಸ್ವರೂಪ

ಲೇಸರ್ ಎಂದೊಡನೆ ಶಸ್ತ್ರಚಿಕಿತ್ಸೆ ನೆನಪಿಗೆ ಬರುವುದು ಸಹಜ. ಮೂತ್ರಪಿಂಡದ ಕಲ್ಲನ್ನು ಪುಡಿ ಮಾಡುವ ಅಥವಾ ಚರ್ಮದ ಗಂಟನ್ನು ಸುಟ್ಟು ತೆಗೆಯುವ ಲೇಸರ್‌ಗಳು ಬೇರೆ; ಇಲ್ಲಿ ಹೇಳುತ್ತಿರುವುದು ಬೇರೆ. ಕಡಿಮೆ ಶಕ್ತಿಯ ಲೇಸರ್ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ 600ರಿಂದ 1000 ನ್ಯಾನೋಮೀಟರ್ ತರಂಗಾಂತರದ ಕೆಂಪು ಅಥವಾ ಅತಿಗೆಂಪು ಬೆಳಕನ್ನು ಬಳಸಲಾಗುತ್ತದೆ. ಉಪಕರಣದ ಶಕ್ತಿಯು ಸಾಧಾರಣವಾಗಿ 500 ಮಿಲಿವ್ಯಾಟ್ ಮೀರುವುದಿಲ್ಲ. ಚರ್ಮ ಸುಡುವುದಿಲ್ಲ, ಕೊಯ್ತವಿಲ್ಲ, ಅರಿವಳಿಕೆ ಬೇಕಿಲ್ಲ. ಈಚಿನ ವರ್ಷಗಳಲ್ಲಿ ವೈದ್ಯಕೀಯ ಬರಹಗಳಲ್ಲಿ ಇದನ್ನು ಫೋಟೋಬಯೋಮಾಡ್ಯುಲೇಷನ್ ಎಂದೂ ಕರೆಯಲಾಗುತ್ತಿದ್ದು, ರಸೀದಿಯಲ್ಲಿ ಎರಡು ಹೆಸರುಗಳಲ್ಲಿ ಯಾವುದಿದ್ದರೂ ಚಿಕಿತ್ಸೆ ಒಂದೇ.

ಇದರ ಹುಟ್ಟು ಒಂದು ಆಕಸ್ಮಿಕ. ಮೊದಲ ಲೇಸರ್ 1960ರಲ್ಲಿ ಅಮೆರಿಕದಲ್ಲಿ ಬೆಳಗಿತು. ಅದಾದ ಕೆಲವೇ ವರ್ಷಗಳಲ್ಲಿ, 1967ರಲ್ಲಿ, ಹಂಗೇರಿಯ ಬುಡಾಪೆಸ್ಟ್ ನಗರದ ವೈದ್ಯ ಎಂಡ್ರೆ ಮೆಸ್ಟರ್ ಅವರು ರೂಬಿ ಲೇಸರ್‌ನ ಪರಿಣಾಮವನ್ನು ಇಲಿಗಳ ಮೇಲೆ ಪರೀಕ್ಷಿಸಿದರು. ಅವರ ಉಪಕರಣದ ಶಕ್ತಿ ತೀರ ಕಡಿಮೆಯಿತ್ತು. ಗಡ್ಡೆಯ ಮೇಲೆ ಅದರಿಂದ ಯಾವ ಪರಿಣಾಮವೂ ಆಗಲಿಲ್ಲ. ಆದರೆ ಕೂದಲು ಬೋಳಿಸಿದ ಜಾಗದಲ್ಲಿ ಬೆಳಕು ಬಿದ್ದ ಇಲಿಗಳಿಗೆ ಕೂದಲು ಬೇಗ ಬಂದಿತು. ಮುಂದೆ ಗಾಯ ಮಾಯುವಿಕೆಯ ಬಗ್ಗೆಯೂ ಪ್ರಯೋಗಗಳು ನಡೆದವು.

ಜೀವಕೋಶದಲ್ಲಿ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯ ಎಂಬ ಭಾಗದಲ್ಲಿನ ಕಿಣ್ವವೊಂದು ಈ ಬೆಳಕನ್ನು ಹೀರಿಕೊಂಡು ಕೋಶದ ಚಟುವಟಿಕೆಯನ್ನು ಹೆಚ್ಚಿಸುತ್ತದೆ ಎಂಬುದು ಹೆಚ್ಚು ಪ್ರಚಲಿತವಾಗಿರುವ ವಿವರಣೆ. ಪ್ರಮಾಣ ಕಡಿಮೆಯಾದರೆ ಪರಿಣಾಮವಿಲ್ಲ. ಹೆಚ್ಚಾದರೆ ಪರಿಣಾಮ ಕುಗ್ಗುತ್ತದೆ ಅಥವಾ ತಿರುಗುಮುರುಗಾಗುತ್ತದೆ. ಆದುದರಿಂದ ಹೆಚ್ಚು ಹೊತ್ತು ಬೆಳಕು ಹಿಡಿದರೆ ಹೆಚ್ಚು ಗುಣ ಎಂಬ ಭಾವನೆ ಸರಿಯಲ್ಲ.

ಕ್ಯಾನ್ಸರ್ ರೋಗಿಗಳ ಬಾಯಿಹುಣ್ಣು

ಈ ಚಿಕಿತ್ಸೆಗೆ ಅತ್ಯಂತ ಬಲವಾದ ಆಧಾರವಿರುವುದು ಜಾಹೀರಾತುಗಳಲ್ಲಿ ವಿರಳವಾಗಿ ಕಾಣುವ ಒಂದು ಉಪಯೋಗಕ್ಕೆ ಎಂಬುದನ್ನು ಸಾರ್ವಜನಿಕರು ಗಮನಿಸಬೇಕು.

ಹೊಗೆಸೊಪ್ಪು, ಗುಟ್ಕಾ, ಬೀಡಿಗಳ ಬಳಕೆಯ ಕಾರಣದಿಂದ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ನಮ್ಮ ದೇಶದಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಇಂಥ ರೋಗಿಗಳಿಗೆ ಸಾಮಾನ್ಯವಾಗಿ ಆರೇಳು ವಾರಗಳ ಕಾಲ ವಿಕಿರಣ ಚಿಕಿತ್ಸೆ ನೀಡಲಾಗುತ್ತದೆ. ಎರಡು ಮೂರು ವಾರಗಳಾಗುವಷ್ಟರಲ್ಲಿ ಬಾಯಿಯ ಒಳಪದರ ಸುಲಿದು ಹುಣ್ಣಾಗುವುದುಂಟು. ಗಂಜಿಯನ್ನೂ ನುಂಗಲಾಗದೆ, ಮೂಗಿನ ಮೂಲಕ ನಳಿಕೆ ಹಾಕಿ ಆಹಾರ ಕೊಡಬೇಕಾದ ಸ್ಥಿತಿ ಬರುತ್ತದೆ. ನೋವು ತಾಳಲಾರದೆ ಚಿಕಿತ್ಸೆಯನ್ನು ನಡುವೆ ನಿಲ್ಲಿಸುವವರಿದ್ದಾರೆ. ಹಾಗೆ ನಿಲ್ಲಿಸಿದಲ್ಲಿ ಕ್ಯಾನ್ಸರ್ ಹತೋಟಿಗೆ ಬರುವ ಸಾಧ್ಯತೆಯೇ ಕುಂದುತ್ತದೆ. ಬಾಯಿಹುಣ್ಣು ಸಣ್ಣ ವಿಷಯವಲ್ಲ.

ಪ್ರತಿದಿನದ ವಿಕಿರಣಕ್ಕೆ ಮುನ್ನ ಬಾಯಿಯ ಒಳಭಾಗಕ್ಕೆ ನಿಗದಿತ ಪ್ರಮಾಣದ ಲೇಸರ್ ಬೆಳಕು ಹಿಡಿಯುವುದರಿಂದ ತೀವ್ರ ಹುಣ್ಣು ಹಾಗೂ ನೋವು ಕಡಿಮೆಯಾಗುವುದು ಅಧ್ಯಯನಗಳಿಂದ ಕಂಡುಬಂದಿದೆ. ಇವುಗಳಲ್ಲಿ ಕರ್ನಾಟಕದ ಕೊಡುಗೆಯೂ ಇದೆ. ಮಣಿಪಾಲದ ತಜ್ಞರು ಹೀಲಿಯಂ–ನಿಯಾನ್ ಲೇಸರ್ ಬಳಸಿ ನಡೆಸಿದ ಅಧ್ಯಯನವು 2006ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ ಪತ್ರಿಕೆಯಲ್ಲಿ ಪ್ರಕಟವಾಯಿತು. 221 ರೋಗಿಗಳನ್ನೊಳಗೊಂಡ ಇನ್ನೊಂದು ದೊಡ್ಡ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಬ್ರಿಟನ್ನಿನ ನೈಸ್ ಸಂಸ್ಥೆಯು 2018ರಲ್ಲಿ ಈ ಉಪಯೋಗಕ್ಕೆ ಸಾಕಷ್ಟು ಆಧಾರವಿದೆಯೆಂದು ತಿಳಿಸಿದೆ.

ಇದು ಮುಖ್ಯವಾಗಿ ಹುಣ್ಣು ಬಾರದಂತೆ ತಡೆಯುವ ಕ್ರಮವಾದುದರಿಂದ ವಿಕಿರಣ ಚಿಕಿತ್ಸೆ ಆರಂಭವಾಗುವ ಮೊದಲೇ ಕೇಳುವುದು ಸೂಕ್ತ. ರೋಗಿಯ ಮನೆಯವರು ತಮ್ಮ ಕ್ಯಾನ್ಸರ್ ತಜ್ಞರಲ್ಲಿ ಈ ಸೌಲಭ್ಯ ಆಸ್ಪತ್ರೆಯಲ್ಲಿ ಇದೆಯೇ ಎಂದು ವಿಚಾರಿಸಬಹುದು. ಗಡ್ಡೆ ಇರುವ ಜಾಗದ ಮೇಲೆ ನೇರವಾಗಿ ಬೆಳಕು ಹಿಡಿಯಕೂಡದು. ಯಾವ ಭಾಗಕ್ಕೆ ಎಂಬುದನ್ನು ತಜ್ಞರೇ ನಿರ್ಧರಿಸತಕ್ಕದ್ದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಫಲಾನುಭವಿಗಳು, ಇದರ ವೆಚ್ಚ ಯೋಜನೆಯ ವ್ಯಾಪ್ತಿಗೆ ಬರುವುದೇ ಇಲ್ಲವೇ ಎಂಬುದನ್ನು ನೋಂದಾಯಿತ ಆಸ್ಪತ್ರೆಯ ಆರೋಗ್ಯ ಮಿತ್ರರಿಂದ ಮುಂಚಿತವಾಗಿ ಖಚಿತಪಡಿಸಿಕೊಳ್ಳುವುದು.

ಇತರೆ ತೊಂದರೆಗಳು

ಕತ್ತುನೋವಿನ ಬಗ್ಗೆ 16 ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆಯೊಂದು 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಗಿದ್ದು, ದೀರ್ಘಕಾಲದ ಕತ್ತುನೋವಿನಲ್ಲಿ ಚಿಕಿತ್ಸೆಯ ನಂತರ 22 ವಾರಗಳವರೆಗೆ ಉಪಶಮನ ದೊರೆಯಬಹುದೆಂದು ತಿಳಿಸಿದೆ. ಸೊಂಟನೋವಿಗೆ ಆಧಾರ ದುರ್ಬಲ. ಮೊಣಕಾಲಿನ ಸವೆತಕ್ಕೆ ಸಾಕಷ್ಟು ಆಧಾರವಿಲ್ಲದ ಕಾರಣ ಲೇಸರ್ ನೀಡಬಾರದೆಂದು ಇದೇ ನೈಸ್ ಸಂಸ್ಥೆಯು 2022ರಲ್ಲಿ ಸೂಚಿಸಿತು. ಒಂದೇ ಸಂಸ್ಥೆ ಒಂದು ಕಾಯಿಲೆಗೆ ಹೌದೆಂದು, ಇನ್ನೊಂದಕ್ಕೆ ಬೇಡವೆಂದು ಹೇಳಿರುವುದರಿಂದ, "ಲೇಸರ್ ಒಳ್ಳೆಯದೇ?" ಎಂಬ ಪ್ರಶ್ನೆಗಿಂತ "ನನ್ನ ತೊಂದರೆಗೆ ಒಳ್ಳೆಯದೇ?" ಎಂದು ಕೇಳುವುದು ಲೇಸು. ಕತ್ತು, ಸೊಂಟದ ನೋವಿಗೆ ಲೇಸರ್ ಪಡೆದರೂ ವ್ಯಾಯಾಮವನ್ನು ಬಿಡಕೂಡದು.

ಕೂದಲಿಗಾಗಿ ಮಾರುವ ಲೇಸರ್ ಬಾಚಣಿಗೆ, ಟೋಪಿಗಳ ಪೈಕಿ ಕೆಲವಕ್ಕೆ ಅಮೆರಿಕದ ಎಫ್‌ಡಿಎ 2007ರಿಂದೀಚೆಗೆ ಮಾರಾಟದ ಅನುಮತಿ ನೀಡಿದೆ. ವಂಶಪಾರಂಪರ್ಯವಾಗಿ ಬರುವ ಬಕ್ಕತನದಲ್ಲಿ ಸಾಧಾರಣ ಪ್ರಯೋಜನವಿದ್ದರೂ ಬಳಕೆಯನ್ನು ತಿಂಗಳುಗಟ್ಟಲೆ ಮುಂದುವರಿಸಬೇಕಾಗುತ್ತದೆ. ಧೂಮಪಾನ ಬಿಡಿಸುವುದು, ಬೊಜ್ಜು ಕರಗಿಸುವುದು, ಸಕ್ಕರೆ ಕಾಯಿಲೆ ಗುಣಪಡಿಸುವುದು ಮುಂತಾದ ಭರವಸೆಗಳನ್ನು ನಂಬಿ ಹಣ ತೆರಬಾರದು.

ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ರಕ್ತಸಂಚಾರದ ಪರೀಕ್ಷೆ, ಸೋಂಕಿನ ಚಿಕಿತ್ಸೆ, ಪಾದದ ಮೇಲಿನ ಭಾರ ಇಳಿಸುವುದು, ಸಕ್ಕರೆಯ ನಿಯಂತ್ರಣ ಇವು ಮೊದಲು ಆಗಬೇಕು. ಲೇಸರ್ ನೆಪದಲ್ಲಿ ಕಳೆದ ದಿನಗಳು ಕಾಲನ್ನೇ ಕಳೆದುಕೊಳ್ಳುವಂತೆ ಮಾಡಬಹುದು.

ಸುರಕ್ಷತೆ

ಮುಖ್ಯ ಅಪಾಯ ಕಣ್ಣಿಗೆ. ಅತಿಗೆಂಪು ಬೆಳಕು ಕಾಣುವುದಿಲ್ಲವಾದುದರಿಂದ ರೆಪ್ಪೆ ತಾನಾಗಿ ಮುಚ್ಚುವುದಿಲ್ಲ. ರೋಗಿ ಮತ್ತು ಸಿಬ್ಬಂದಿ ಇಬ್ಬರೂ ಆ ತರಂಗಾಂತರಕ್ಕೆ ತಕ್ಕ ರಕ್ಷಣಾ ಕನ್ನಡಕ ಧರಿಸತಕ್ಕದ್ದು. ಸಾಮಾನ್ಯ ತಂಪು ಕನ್ನಡಕ ಸಾಲದು. ಗರ್ಭಿಣಿಯರು, ಕ್ಯಾನ್ಸರ್ ಇರುವವರು ಹಾಗೂ ಬೆಳಕಿಗೆ ಚರ್ಮ ಸೂಕ್ಷ್ಮವಾಗುವಂಥ ಔಷಧ ಸೇವಿಸುತ್ತಿರುವವರು ಮುಂಚಿತವಾಗಿ ತಿಳಿಸಬೇಕು.

ಹಣ ಪಾವತಿಸುವ ಮೊದಲು

ಪ್ರಮಾಣದ ಲೆಕ್ಕ ಸರಳವಾಗಿದೆ. 100 ಮಿಲಿವ್ಯಾಟ್ ಶಕ್ತಿಯ ಉಪಕರಣವನ್ನು ಒಂದು ಜಾಗಕ್ಕೆ 30 ಸೆಕೆಂಡು ಹಿಡಿದರೆ 3 ಜೌಲ್. 50 ಮಿಲಿವ್ಯಾಟ್‌ನದಾದರೆ ಅಷ್ಟಕ್ಕೇ ಒಂದು ನಿಮಿಷ ಬೇಕು. ಆದಕಾರಣ "ಹತ್ತು ಸಿಟ್ಟಿಂಗ್" ಎಂದಷ್ಟೇ ಬರೆದ ರಸೀದಿಯು ಚೀಲಗಳನ್ನು ಎಣಿಸಿ ತೂಕ ಬರೆಯದ ಬಿಲ್ಲಿನಂತೆ. ತರಂಗಾಂತರ, ಶಕ್ತಿ, ಪ್ರತಿ ಜಾಗಕ್ಕೆ ಎಷ್ಟು ಜೌಲ್, ಎಷ್ಟು ಬಾರಿ, ಯಾವಾಗ ಫಲಿತಾಂಶ ನೋಡಿ ನಿಲ್ಲಿಸಲಾಗುವುದು ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯುವುದು. ಪೂರ್ತಿ ಪ್ಯಾಕೇಜಿನ ಹಣವನ್ನು ಮುಂಗಡವಾಗಿ ಕಟ್ಟದೆ, ಆಯಾ ದಿನದ ಶುಲ್ಕವನ್ನು ಆಯಾ ದಿನ ಪಾವತಿಸುವುದು ಕ್ಷೇಮ.

ವೈದ್ಯಕೀಯ ಉಪಕರಣಗಳು 2017ರ ವೈದ್ಯಕೀಯ ಸಾಧನಗಳ ನಿಯಮಗಳಿಗೆ ಒಳಪಟ್ಟಿರುತ್ತವೆ. ತಯಾರಿಕೆಯ ಅಥವಾ ಆಮದಿನ ಪರವಾನಗಿ ಸಂಖ್ಯೆಯನ್ನು ತೋರಿಸುವಂತೆ ಕೋರಬಹುದು. ಫಿಸಿಯೋಥೆರಪಿ ಕೇಂದ್ರಗಳೂ ಸೇರಿದಂತೆ ಖಾಸಗಿ ಕೇಂದ್ರಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಅಡಿಯಲ್ಲಿ ನೋಂದಣಿ ಹೊಂದಿರತಕ್ಕದ್ದು ಹಾಗೂ ದರಗಳನ್ನು ಸಾರ್ವಜನಿಕರಿಗೆ ತಿಳಿಯಪಡಿಸತಕ್ಕದ್ದು. ಕ್ಯಾನ್ಸರ್, ಸಕ್ಕರೆ ಕಾಯಿಲೆ, ಪಾರ್ಶ್ವವಾಯು ಮುಂತಾದವುಗಳನ್ನು ಗುಣಪಡಿಸುವುದಾಗಿ ಜಾಹೀರಾತು ನೀಡುವುದನ್ನು 1954ರ ಔಷಧಗಳು ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳು) ಅಧಿನಿಯಮವು ನಿರ್ಬಂಧಿಸುತ್ತದೆ.

ದೂರುಗಳಿದ್ದಲ್ಲಿ ರಸೀದಿ, ವೈದ್ಯರ ಚೀಟಿ ಮತ್ತು ಜಾಹೀರಾತಿನ ಪ್ರತಿಯೊಂದಿಗೆ ಜಿಲ್ಲಾ ಮಟ್ಟದ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ ಲಿಖಿತವಾಗಿ ಸಲ್ಲಿಸಬಹುದು. ಶುಲ್ಕಕ್ಕೆ ಸಂಬಂಧಿಸಿದ ವಿವಾದಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು. ಮೂಲ ರಸೀದಿಯನ್ನು ಯಾರಿಗೂ ಕೊಡದೆ ಅದರ ನಕಲನ್ನು ಮಾತ್ರ ಲಗತ್ತಿಸುವುದು.